ಮೊದಲ ಗಿಟಾರ್: ಬೀಟೆ ಮೈಗೆ ಯಾವ ಮರದ ಅಂಚು ಕಟ್ಟಲಿ?

ಹೊಸಬ_ರಾಜಾಜಿನಗರ · ಫೆಬ್ರವರಿ 9, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಶನಿವಾರ ಭಾನುವಾರ ಮಾತ್ರ ಬಾಲ್ಕನಿಯಲ್ಲಿ ಕೂತು ಒಂದೂವರೆ ವರ್ಷದಿಂದ ಮಾಡುತ್ತಿರುವ ನನ್ನ ಮೊದಲ ಗಿಟಾರ್ ಕೊನೆಗೂ ಪೆಟ್ಟಿಗೆಯ ಆಕಾರಕ್ಕೆ ಬಂದಿದೆ. ಓಎಂ ಅಳತೆ (ಮಾರ್ಟಿನ್ ಕಂಪನಿಯ ಮಧ್ಯಮ ಗಾತ್ರದ ಮಾದರಿ). ಟಾಪ್ (ಮುಂದಿನ ಹಲಗೆ) ಸಿಟ್ಕಾ ಸ್ಪ್ರೂಸ್ ಮರ, ಬ್ಯಾಕ್ ಮತ್ತು ಸೈಡ್ ನಮ್ಮ ಬೀಟೆ ಮರ. ಎರಡೂ ಕಡೆ ಅಂಟಿಸಿದ್ದೇನೆ, ಹೊರಗೆ ಚಾಚಿದ್ದನ್ನು ತೆಗೆದು ಸಮ ಮಾಡಿದ್ದೇನೆ. ಇನ್ನು ಬೈಂಡಿಂಗ್, ಅಂದರೆ ಪೆಟ್ಟಿಗೆಯ ಅಂಚಿಗೆ ಸುತ್ತ ಕಟ್ಟುವ ಪಟ್ಟಿ. ಇಲ್ಲಿಗೆ ಬಂದು ಮೂರು ವಾರ ಆಯಿತು, ಮುಂದೆ ಹೋಗಲು ಧೈರ್ಯ ಬರುತ್ತಿಲ್ಲ.

ಕೈಯಲ್ಲಿ ಅಲೆ ಅಲೆಯಾಗಿ ಹೊಳೆಯುವ ಕರ್ಲಿ ಮೇಪಲ್ ನಾಲ್ಕು ಪಟ್ಟಿ ಇದೆ. ಗೆಳೆಯನೊಬ್ಬ ಅಮೆರಿಕದಿಂದ ಬರುವಾಗ ತಂದುಕೊಟ್ಟದ್ದು. ಪಡೌಕ್ ನಾಲ್ಕು ಪಟ್ಟಿ ಇದೆ, ಕುಂಕುಮದ ಹಾಗೆ ಕೆಂಪು. ನನ್ನ ಮನಸ್ಸು ಮಾತ್ರ ಕಪ್ಪು ಎಬೊನಿ ಮರದ ಮೇಲೆ. ಮನೆಯವಳು ಮೇಪಲ್ ಹಾಕಿ ಅನ್ನುತ್ತಾಳೆ. ಪಕ್ಕದ ಮನೆಯವರು ರಕ್ತಚಂದನ ಹಾಕಿ ಅಂದರು (ನಗಬೇಡಿ).

ಕೇಳಬೇಕಾದ್ದು ಇಷ್ಟು. ಬೀಟೆಗೆ ಯಾವುದು ಒಪ್ಪುತ್ತದೆ? ಹೊಸ ಕೈಗೆ ಯಾವುದು ಬಗ್ಗುತ್ತದೆ? ನಾದಕ್ಕೆ ಏನಾದರೂ ವ್ಯತ್ಯಾಸ ಆಗುತ್ತದಾ? ಎಂಡ್ ಗ್ರಾಫ್ಟ್ (ಬಾಲದ ಕಡೆ ಎರಡು ಸೈಡ್ ಸೇರುವಲ್ಲಿ ಕೂರಿಸುವ ಪಟ್ಟಿ) ಮತ್ತು ಹೀಲ್ ಕ್ಯಾಪ್ (ಕುತ್ತಿಗೆಯ ಬುಡ ಮುಚ್ಚುವ ತುಂಡು) ಕೂಡ ಅದೇ ಮರದ್ದೇ ಇರಬೇಕಾ?

ಮಂಡಿಮೊಹಲ್ಲಾ_ಕುಸುರಿ · ಫೆಬ್ರವರಿ 9, ರಾತ್ರಿ 11:15

ರಕ್ತಚಂದನದ ಮಾತು ಇಲ್ಲಿಗೇ ಬಿಟ್ಟುಬಿಡಿ ಸಾರ್. ಗಿಟಾರ್ ಮುಗಿಯುವ ಮೊದಲು ಕೋರ್ಟಿಗೆ ಅಲೆಯಬೇಕಾಗುತ್ತದೆ.

ನಮ್ಮದು ಮೈಸೂರಿನ ಇನ್‌ಲೇ ಕೆಲಸದ ಮನೆ. ಗಿಟಾರ್ ಮಾಡಿಲ್ಲ, ಆದರೆ ಬೀಟೆ ಮರದೊಳಗೆ ಬೇರೆ ಮರ ಕೂರಿಸುವುದೇ ನಮ್ಮ ಊಟ. ನೀವು ಬಣ್ಣದಿಂದ ಶುರು ಮಾಡಿದ್ದೀರಿ. ನಾವು ಎಳೆಯಿಂದ ಶುರು ಮಾಡುತ್ತೇವೆ. ಪಟ್ಟಿಯನ್ನು ಅಡ್ಡ ಹಿಡಿದು ಬದಿಯಿಂದ ನೋಡಿ. ಎಳೆ ಈ ತುದಿಯಿಂದ ಆ ತುದಿಗೆ ನೇರ ಹೋಗಬೇಕು. ನಡುವೆ ಎಲ್ಲಾದರೂ ಹೊರಗೆ ಜಾರಿದ್ದರೆ ಅದು ಬಗ್ಗಿಸುವಾಗ ಅಲ್ಲೇ ಕೈಕೊಡುತ್ತದೆ. ಕರ್ಲಿ ಮೇಪಲ್‌ನ ಆ ಅಲೆ ಇದೆಯಲ್ಲ, ಚೆಂದ ಕಾಣುವುದೇ ಎಳೆ ಮೇಲೆ ಕೆಳಗೆ ಓಡುವುದರಿಂದ. ಚೆಂದವೂ ಅದೇ, ಮುರಿಯುವ ಜಾಗವೂ ಅದೇ.

ಆರನೇ_ತಂತಿ · ಫೆಬ್ರವರಿ 10, ಬೆಳಿಗ್ಗೆ 6:50

ಹನ್ನೊಂದು ಗಿಟಾರ್ ಮಾಡಿದ್ದೇನೆ. ಅದರಲ್ಲಿ ಬೈಂಡಿಂಗ್ ಚೆನ್ನಾಗಿ ಬಂದದ್ದು ಏಳಕ್ಕೆ ಅಂತ ಇಟ್ಟುಕೊಳ್ಳಿ.

ನಾದದ ಪ್ರಶ್ನೆ ಮೊದಲು ಮುಗಿಸೋಣ. 2 ಮಿ.ಮೀ. ದಪ್ಪ, 6 ಮಿ.ಮೀ. ಎತ್ತರದ ಪಟ್ಟಿ ಮೇಪಲ್ ಆದರೇನು ಬೀಟೆ ಆದರೇನು, ನಿಮ್ಮ ಕಿವಿಗೆ ತಿಳಿಯುವುದಿಲ್ಲ. ಬೈಂಡಿಂಗ್ ಇರುವುದು ಬೇರೆ ಕೆಲಸಕ್ಕೆ. ಟಾಪಿನ ಅಂಚು ತುಂಬ ಮೆತ್ತಗೆ. ಗೋಡೆಗೆ ಒಂದು ಸಲ ತಾಗಿದರೆ ಸ್ಪ್ರೂಸ್ ನುಗ್ಗಾಗುತ್ತದೆ. ಗಟ್ಟಿ ಮರದ ಅಂಚಿದ್ದರೆ ಆ ಏಟನ್ನು ಅದು ತಿನ್ನುತ್ತದೆ. ಇನ್ನೊಂದು, ಸ್ಪ್ರೂಸ್ ಎಳೆ ಕಡಿದ ತುದಿಯಿಂದಲೇ ತೇವ ಹೆಚ್ಚು ಎಳೆದುಕೊಳ್ಳುವುದು. ಅದನ್ನು ಬೈಂಡಿಂಗ್ ಮುಚ್ಚುತ್ತದೆ. ನಮ್ಮಲ್ಲಿ ಮಾರ್ಚ್‌ನಲ್ಲಿ ತುಟಿ ಒಡೆಯುವಷ್ಟು ಒಣ, ಜುಲೈನಲ್ಲಿ ಬಟ್ಟೆ ಒಣಗದಷ್ಟು ತೇವ. ಹಾಗಾಗಿ ಇದು ಬರೀ ಅಲಂಕಾರ ಅಲ್ಲ.

ನಾದ ಕೆಡುವುದು ಮರದಿಂದಲ್ಲ, ಬೈಂಡಿಂಗ್ ಕೂರಲು ಅಂಚು ಕೊಯ್ಯುವ ಯಂತ್ರದಿಂದ, ಅಂದರೆ ರೂಟರ್‌ನಿಂದ. ನಿಮ್ಮ ಸೈಡ್ ಎಷ್ಟು ದಪ್ಪ ಇದೆ? 2.2 ಅಂತ ಅಂದುಕೊಂಡರೆ, ಬೈಂಡಿಂಗ್‌ಗೆ 2 ಕೊಯ್ದ ಮೇಲೆ ಆ ಜಾಗದಲ್ಲಿ ಸೈಡ್ ಹೆಚ್ಚುಕಡಿಮೆ ಮುಗಿದೇ ಹೋಯಿತು. ಅದರ ಒಳಗಿನ ಪರ್ಫ್ಲಿಂಗ್ ಗೆರೆಗೆ (ಅಲಂಕಾರದ ತೆಳು ಪಟ್ಟಿ) ಇನ್ನೊಂದು 1.5 ಬೇಕು, ಅದು ಲೈನಿಂಗ್ (ಸೈಡ್‌ನ ಒಳ ಅಂಚಿಗೆ ಅಂಟಿಸಿದ ಮರದ ಪಟ್ಟಿ) ಮೇಲೆ ಕೂರುತ್ತದೆ. ಅಂದರೆ ಟಾಪನ್ನು ಹಿಡಿದಿರುವುದು ಲೈನಿಂಗ್‌ನ ಉಳಿದ ಅಗಲ ಮಾತ್ರ. ನಿಮ್ಮ ಲೈನಿಂಗ್ ಅಗಲ ಅಳೆದು ಹೇಳಿ.

ಹೊಸಬ_ರಾಜಾಜಿನಗರ · ಫೆಬ್ರವರಿ 10, ಬೆಳಿಗ್ಗೆ 9:05

ಲೈನಿಂಗ್ 6 ಮಿ.ಮೀ., ಸೈಡ್ ಸರಿಯಾಗಿ 2.2. ನೀವು ನೋಡಿದ ಹಾಗೇ ಹೇಳಿದಿರಿ ಸಾರ್.

ಸುಮ್ನೆ_ನುಡಿಸು · ಫೆಬ್ರವರಿ 10, ಮಧ್ಯಾಹ್ನ 1:30

ಇಷ್ಟೆಲ್ಲ ಯಾಕೆ ಗುರು? ಎಬಿಎಸ್ ಪ್ಲಾಸ್ಟಿಕ್ ಪಟ್ಟಿ ತಗೊಳ್ಳಿ, ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿದರೆ ಬಗ್ಗುತ್ತದೆ, ಅಂಟಿಸಿ, ಮುಗೀತು. ಮಾರ್ಟಿನ್ ಡಿ-28ಕ್ಕೆ ಬಿಳಿ ಪ್ಲಾಸ್ಟಿಕ್ ಅಂಚೇ ಇರೋದು. ಅದನ್ನು ನುಡಿಸಿ ಯಾರಾದರೂ ಅಯ್ಯೋ ಪ್ಲಾಸ್ಟಿಕ್ ಅಂದರಾ?

ಪೋರ್ಟ್‌ಲ್ಯಾಂಡ್_ಪುಟ್ಟಣ್ಣ · ಫೆಬ್ರವರಿ 10, ರಾತ್ರಿ 8:20

ಅಂದಿಲ್ಲ, ನಿಜ. ಆದರೆ ಪ್ಲಾಸ್ಟಿಕ್ ಕಥೆಗೆ ಇನ್ನೊಂದು ಮುಖ ಇದೆ. ನಾನು ಒರೆಗಾನ್‌ನಲ್ಲಿ ರಿಪೇರಿ ಅಂಗಡಿಯೊಂದರಲ್ಲಿ ಸಂಜೆ ಹೊತ್ತು ಕೆಲಸ ಮಾಡುತ್ತೇನೆ. ಹಳೆಯ ಗಿಟಾರ್‌ಗಳು ಬರುತ್ತವೆ. ದೊಡ್ಡ ದೊಡ್ಡ ಹೆಸರಿನವು. ಹಿಂದೆ ದುಬಾರಿ ಗಿಟಾರ್‌ಗೆ ದಂತದ ಅಂಚು ಕಟ್ಟುತ್ತಿದ್ದರು. ಆಮೇಲೆ ದಂತದ ಹಾಗೇ ಗೆರೆ ಗೆರೆ ಕಾಣುವ ಸೆಲ್ಯುಲಾಯ್ಡ್ ಬಂತು, ಅದಕ್ಕೆ ಐವರಾಯ್ಡ್ ಅನ್ನುತ್ತಾರೆ. ಸೆಲ್ಯುಲಾಯ್ಡ್ ಅಂದರೆ ನೈಟ್ರೋಸೆಲ್ಯುಲೋಸ್ ಮತ್ತು ಕರ್ಪೂರ. ಕೆರೆದಾಗ ದೇವರ ಮನೆ ವಾಸನೆ ಬರುತ್ತದೆ! ಬೆಂಕಿಗೆ ಹತ್ತಿರ ಮಾತ್ರ ಇಡಬೇಡಿ.

ಆ ಕರ್ಪೂರ ವರ್ಷಗಟ್ಟಲೆ ಆರುತ್ತಾ ಹೋದ ಹಾಗೆ ಪಟ್ಟಿ ಉದ್ದಕ್ಕೆ ಕುಗ್ಗುತ್ತದೆ. ಕುಗ್ಗಿದ್ದು ಎಲ್ಲಿ ಬಿಡುತ್ತದೆ? ಸೊಂಟದ ಹತ್ತಿರ. ಅಲ್ಲಿ ಒಳಗೆ ಬಳುಕಿರುತ್ತದಲ್ಲ, ಪಟ್ಟಿ ಬಿಲ್ಲಿನ ಹೆದೆಯ ಹಾಗೆ ನೇರ ಆಗಲು ನೋಡಿ ಕಿತ್ತುಕೊಂಡು ನಿಂತಿರುತ್ತದೆ. ವಾರಕ್ಕೊಂದು ಇಂಥದ್ದು ನೋಡುತ್ತೇನೆ. ಮರ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ಸರಿಯಾಗಿ ಬಗ್ಗಿಸಿ ಅಂಟಿಸಿದ ಮರದ ಬೈಂಡಿಂಗ್ ಮೊಮ್ಮಕ್ಕಳ ಕಾಲದವರೆಗೂ ಅಲ್ಲೇ ಇರುತ್ತದೆ.

ಎಬಿಎಸ್ ಇಷ್ಟು ಕುಗ್ಗುವುದಿಲ್ಲ, ಅದನ್ನೂ ಹೇಳಬೇಕು. ಆದರೂ ಒಂದೂವರೆ ವರ್ಷ ಕೂತು ಮಾಡಿದ ಬೀಟೆ ಪೆಟ್ಟಿಗೆಗೆ ಅದನ್ನು ಕಟ್ಟಲು ನನಗೆ ಮನಸ್ಸು ಬರುವುದಿಲ್ಲ. ಇದು ಬರೀ ಅಭಿಮಾನ, ವಾದ ಅಲ್ಲ.

ಸುಮ್ನೆ_ನುಡಿಸು · ಫೆಬ್ರವರಿ 10, ರಾತ್ರಿ 8:41

ಅಭಿಮಾನ ಅಂದ ಮೇಲೆ ನಾನು ಸುಮ್ಮನಾದೆ.

ಕಾಫಿತೋಟದಾಕೆ · ಫೆಬ್ರವರಿ 11, ಬೆಳಿಗ್ಗೆ 7:30

ಮೂಡಿಗೆರೆ ಕಡೆಯವಳು. ನಮ್ಮ ತೋಟದಲ್ಲಿ ನೆರಳಿಗೆ ಬೀಟೆಯೂ ಇದೆ, ಸಿಲ್ವರ್ ಓಕ್ ಸಾಲು ಸಾಲು ಇದೆ. ಬೀಟೆ ನಮ್ಮ ಜಾಗದಲ್ಲೇ ಬೆಳೆದಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ, ಸಾಗಿಸಲೂ ಪಾಸ್ ಬೇಕು. ಹಾಗಾಗಿ "ಪರಿಚಯದವರ ತೋಟದಿಂದ ಒಂದು ತುಂಡು" ಅಂತ ಯಾರಾದರೂ ಹೇಳಿದರೆ ಬಿಲ್ ಕೇಳಿ. ಇದನ್ನು ಯಾಕೆ ಹೇಳಿದೆ ಅಂದರೆ, ನನ್ನ ತಮ್ಮ ಮಾಡಿದ ಗಿಟಾರ್ ಜರ್ಮನಿಗೆ ತಗೊಂಡು ಹೋಗುವಾಗ ಕಾಗದ ಹುಡುಕಿ ಹುಡುಕಿ ಸಾಕಾಯಿತು. ಅದು 2018.

ಸಿಲ್ವರ್ ಓಕ್ ಅಂಚಿಗೆ ಯಾರಾದರೂ ಬಳಸಿದ್ದೀರಾ? ಸರಿಯಾಗಿ ಕೊಯ್ದರೆ ಜಾಲರಿಯ ಹಾಗೆ ಹೊಳೆಯುತ್ತದೆ.

ಪೋರ್ಟ್‌ಲ್ಯಾಂಡ್_ಪುಟ್ಟಣ್ಣ · ಫೆಬ್ರವರಿ 11, ಬೆಳಿಗ್ಗೆ 9:10

ಅಕ್ಕ, 2018 ಅಂದರೆ ಕೆಟ್ಟ ಕಾಲ. 2017ರ ಜನವರಿಯಿಂದ ಬೀಟೆ ಜಾತಿಯ ಎಲ್ಲ ಡಾಲ್ಬರ್ಜಿಯಾ ಮರಗಳೂ ಸೈಟಿಸ್‌ನ (ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಗೆ ಸೇರಿದವು. ಮಾರಾಟಕ್ಕೆ ಗಡಿ ದಾಟಿಸುವ ಗಿಟಾರ್‌ಗೆಲ್ಲ ಪರ್ಮಿಟ್. ಗಿಟಾರ್ ಮಾಡುವವರೆಲ್ಲ ಗೋಳಾಡಿದರು. 2019ರ ನವೆಂಬರ್ ಕೊನೆಯಿಂದ, ಮುಗಿದ ವಾದ್ಯಗಳಿಗೆ ಆ ಪಟ್ಟಿಯಿಂದ ವಿನಾಯ್ತಿ ಸಿಕ್ಕಿತು. ಬ್ರೆಜಿಲ್‌ನ ಬೀಟೆಗೆ (ಬ್ರೆಜಿಲಿಯನ್ ರೋಸ್‌ವುಡ್) ಮಾತ್ರ ಈ ರಿಯಾಯ್ತಿ ಇಲ್ಲ. ಅದು 1992ರಿಂದ ಮೊದಲ ಪಟ್ಟಿಯಲ್ಲಿದೆ.

ಸಿಲ್ವರ್ ಓಕ್ ಅಂಚಿಗೆ ಮೆತ್ತಗಾಯಿತು. ಹೆಡ್‌ಸ್ಟಾಕ್ (ತಂತಿ ಬಿಗಿಯುವ ತಲೆಭಾಗ) ಮೇಲಿನ ತೆಳು ಹೊದಿಕೆಗೆ ಚೆನ್ನಾಗಿರುತ್ತದೆ. ಒಂದು ಎಚ್ಚರಿಕೆ, ಅದರ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ. ತುಂಬು ತೋಳಿನ ಅಂಗಿ ಹಾಕಿ ಉಜ್ಜಿ.

ಕಾಫಿತೋಟದಾಕೆ · ಫೆಬ್ರವರಿ 11, ಬೆಳಿಗ್ಗೆ 9:25

ಅದು ನಮಗೆ ಗೊತ್ತು. ಕಪಾತು ಮಾಡುವ ದಿನ ತೋಟದಲ್ಲಿ ಅರ್ಧ ಜನ ತುರಿಸಿಕೊಳ್ಳುತ್ತಿರುತ್ತಾರೆ.

ಆರನೇ_ತಂತಿ · ಫೆಬ್ರವರಿ 11, ರಾತ್ರಿ 9:40

ಮರಗಳ ವಿಷಯಕ್ಕೆ ಬರೋಣ.

ಎಬೊನಿ: ಕಾಡಿಗೆ ಇಟ್ಟ ಹಾಗೆ ಕಾಣುತ್ತದೆ, ಒಪ್ಪಿದೆ. ಆದರೆ ಬಿಸಿಗೆ ಹಟ ಮಾಡುತ್ತದೆ. ಮೊದಲ ಗಿಟಾರ್‌ಗೆ ಬೇಡ. ನಾನು ಒಂದೇ ಸೆಟ್‌ನಲ್ಲಿ ಐದು ಪಟ್ಟಿ ಮುರಿದಿದ್ದೇನೆ. ಸೆಟ್‌ನಲ್ಲಿ ಇದ್ದದ್ದೇ ಐದು.

ಪಡೌಕ್: ಬಗ್ಗುತ್ತದೆ, ತಕರಾರಿಲ್ಲ. ತೊಂದರೆ ಬಣ್ಣದ್ದು. ಇದು ಎರಡು ಥರ ಕೈಕೊಡುತ್ತದೆ. ಒಂದು, ಬಿಸಿಲು ಬೆಳಕಿಗೆ ಆ ಕುಂಕುಮದ ಕೆಂಪು ನಿಧಾನವಾಗಿ ಕಂದಾಗುತ್ತದೆ. ಎರಡು, ಅದು ಬಣ್ಣ ಬಿಡುತ್ತದೆ. ಸ್ಪಿರಿಟ್‌ನಲ್ಲಿ ಕಲಸಿದ ಶೆಲ್ಯಾಕ್ (ಅರಗಿನ ಮೆರುಗು) ತಾಗಿದ ಕೂಡಲೇ ಕೆಂಪು ನೀರು ಪಕ್ಕದ ಬಿಳಿ ಸ್ಪ್ರೂಸ್‌ಗೆ ಹರಿಯುತ್ತದೆ. ಹೊಸ ಕೆಂಪು ಸೀರೆಯನ್ನು ಬಿಳಿ ಪಂಚೆ ಜೊತೆ ನೆನೆಹಾಕಿದ ಹಾಗೆ. ಉಜ್ಜಿದಾಗ ಏಳುವ ಪುಡಿಯೂ ಅಷ್ಟೇ, ಸ್ಪ್ರೂಸ್‌ನ ರಂಧ್ರಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ.

ಕರ್ಲಿ ಮೇಪಲ್: ಬೀಟೆಗೆ ಜೇನು ಬಣ್ಣದ ಮೇಪಲ್ ಅಂಚು ಎಷ್ಟು ಚೆಂದ ಅಂದರೆ, ನಿಮ್ಮ ಮನೆಯವರು ಸರಿಯಾಗೇ ಹೇಳಿದ್ದಾರೆ. ಕೈ ಪಳಗಿರಬೇಕು ಅಷ್ಟೆ. ನಿಮ್ಮ ಹತ್ತಿರ ನಾಲ್ಕೇ ಪಟ್ಟಿ ಇದೆ. ಬೇಕಾದದ್ದೂ ನಾಲ್ಕು, ಮೇಲೆ ಎರಡು, ಕೆಳಗೆ ಎರಡು. ಒಂದು ಮುರಿದರೆ ಆಟ ಮುಗಿಯಿತು.

ಬೀಟೆ: ಇದನ್ನು ನೀವು ಪಟ್ಟಿಯಲ್ಲಿ ಸೇರಿಸಿಯೇ ಇಲ್ಲ! ಬೀಟೆ ಮೈಗೆ ಬೀಟೆಯದೇ ಅಂಚು, ನಡುವೆ ಒಂದು ತೆಳು ಬಿಳಿ ಗೆರೆ. ಬಗ್ಗುವುದಕ್ಕೆ ಇದರಷ್ಟು ಒಳ್ಳೆಯ ಮರ ಕಡಿಮೆ. ನೀವು ಸೈಡ್ ಬಗ್ಗಿಸಿದ್ದೀರಿ, ಅದರ ಗುಣ ಕೈಗೆ ಗೊತ್ತಾಗಿದೆ.

ಮಂಡಿಮೊಹಲ್ಲಾ_ಕುಸುರಿ · ಫೆಬ್ರವರಿ 11, ರಾತ್ರಿ 10:02

ಇಳಕಲ್ ಸೀರೆಗೆ ಕೆಂಪು ಅಂಚು ಒಪ್ಪುತ್ತದೆ ಅಂತ ಎಲ್ಲ ಸೀರೆಗೂ ಕೆಂಪು ಹಾಕೋಕೆ ಆಗಲ್ಲ. ಬೀಟೆ ಮರಕ್ಕೆ ತನ್ನದೇ ನೇರಳೆ ಕಂದು ಇದೆ. ಪಕ್ಕದಲ್ಲಿ ಕೆಂಪು ಬಂದರೆ ಎರಡೂ ಜಗಳ ಆಡುತ್ತವೆ. ಆ ಬಿಳಿ ಗೆರೆ ಸಾಕು. ನಮ್ಮ ಕೆಲಸದಲ್ಲೂ ಕಣ್ಣು ಮೊದಲು ಹೋಗುವುದು ಗೆರೆಗೆ, ಆಮೇಲೆ ಮರಕ್ಕೆ.

ಹೊಸಬ_ರಾಜಾಜಿನಗರ · ಫೆಬ್ರವರಿ 16, ಸಂಜೆ 6:15

ಒಂದು ತಪ್ಪೊಪ್ಪಿಗೆ. ನಿಮ್ಮ ಮಾತು ಓದಿಯೂ ಮೇಪಲ್ ಮೇಲಿನ ಆಸೆ ಹೋಗಲಿಲ್ಲ. ನಿನ್ನೆ ರಾತ್ರಿ ಒಂದು ಪಟ್ಟಿಯನ್ನು ಬಕೆಟ್‌ನಲ್ಲಿ ನೆನೆಹಾಕಿದೆ. ಇವತ್ತು ಬಿಸಿ ಪೈಪಿಗೆ ಒತ್ತಿದೆ. ಭುಜದ ತಿರುವು ಬಂತು. ಸೊಂಟಕ್ಕೆ ಬಂದಾಗ ಟಕ್. ಎರಡು ತುಂಡು. ಜೊತೆಗೆ ಅರ್ಧ ಭಾಗ ಹಪ್ಪಳದ ಹಾಗೆ ಕಪ್ಪಾಗಿದೆ.

ಪೋರ್ಟ್‌ಲ್ಯಾಂಡ್_ಪುಟ್ಟಣ್ಣ · ಫೆಬ್ರವರಿ 16, ರಾತ್ರಿ 8:55

ನೆನೆಹಾಕಿದ್ದೇ ತಪ್ಪು. ಅಲೆ ಇರುವ ಮರ ನೀರು ಕುಡಿದರೆ ಇನ್ನಷ್ಟು ದುರ್ಬಲ ಆಗುತ್ತದೆ, ಮೈ ಸುಕ್ಕಾಗುತ್ತದೆ. ಬಗ್ಗಿಸುವುದು ಬಿಸಿ, ನೀರಲ್ಲ. ಒಂದೆರಡು ಸಲ ಚಿಮುಕಿಸಿದರೆ ಸಾಕು. ಪೈಪು 150 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ. ಥರ್ಮಾಮೀಟರ್ ಇಲ್ಲದಿದ್ದರೆ ದೋಸೆ ಕಾವಲಿ ಪರೀಕ್ಷೆ ಮಾಡಿ. ಹನಿ ನೀರು ಹಾಕಿದರೆ ಸುಮ್ನೆ ಕೂತು ಕುದಿಯಬಾರದು, ಚುಂಯ್ ಅಂತ ಕುಣಿದು ಹೋಗಬೇಕು.

ಮೇಪಲ್ ಕಪ್ಪಾಗದಿರಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಹೊರಗಡೆಗೆ ತೆಳು ಸ್ಟೀಲ್ ಪಟ್ಟಿಯೊಂದನ್ನು ಜೊತೆ ಹಿಡಿದು ಎರಡನ್ನೂ ಒಟ್ಟಿಗೆ ಬಗ್ಗಿಸಿ. ಮರ ಮುರಿಯುವುದು ಹೊರಬದಿಯ ಎಳೆ ಬಾಯಿಬಿಟ್ಟಾಗ. ಆ ಬಾಯಿಯನ್ನು ಸ್ಟೀಲ್ ಮುಚ್ಚಿ ಹಿಡಿಯುತ್ತದೆ.

ಹೊಸಬ_ರಾಜಾಜಿನಗರ · ಫೆಬ್ರವರಿ 16, ರಾತ್ರಿ 9:20

ಮೂರು ಪಟ್ಟಿ ಇಟ್ಟುಕೊಂಡು ಇನ್ನೇನು ಮಾಡಲಿ. ಬೀಟೆಗೇ ಹೋಗುತ್ತೇನೆ. ಆದರೆ 800 ಮಿ.ಮೀ. ಉದ್ದದ ಬೀಟೆ ಪಟ್ಟಿ ಚಿಲ್ಲರೆಯಾಗಿ ಎಲ್ಲೂ ಸಿಗುತ್ತಿಲ್ಲ. ಮರದ ಅಂಗಡಿಯವರು ಇಡೀ ಹಲಗೆ ತಗೊಳ್ಳಿ ಅನ್ನುತ್ತಾರೆ.

ಆರನೇ_ತಂತಿ · ಫೆಬ್ರವರಿ 16, ರಾತ್ರಿ 9:33

ಸೈಡ್ ಹಲಗೆ ಎಷ್ಟು ಅಗಲ ಬಂದಿತ್ತು? ಸಾಮಾನ್ಯವಾಗಿ 120 ಮಿ.ಮೀ. ಕೊಡುತ್ತಾರೆ. ಓಎಂನ ಅತಿ ಆಳ ಇರುವ ಕಡೆ 105 ಸಾಕು. ಬಗ್ಗಿಸುವ ಮೊದಲು ಕೊಯ್ದು ತೆಗೆದ ಉಳಿಕೆ ಪಟ್ಟಿ ಎಲ್ಲಿ? ಅದರಲ್ಲಿ 6.5ರ ಎರಡು ಬರುತ್ತವೆ. ಎರಡು ಸೈಡ್‌ಗೆ ನಾಲ್ಕು. ಅದೇ ಮರ, ಅದೇ ಎಳೆ, ಅದೇ ಬಣ್ಣ, ದಪ್ಪವೂ ಆಗಲೇ 2.2. ದುಡ್ಡು ಕೊಟ್ಟರೂ ಇಂಥ ಜೋಡಿ ಸಿಗುವುದಿಲ್ಲ. ಬಿಸಾಡಿಲ್ಲ ತಾನೆ?

ಹೊಸಬ_ರಾಜಾಜಿನಗರ · ಫೆಬ್ರವರಿ 16, ರಾತ್ರಿ 10:10

ಹುಡುಕಿದೆ. ಒಂದು ಬೀರು ಮೇಲಿತ್ತು. ಇನ್ನೊಂದು ಅಮ್ಮನ ಟೊಮೇಟೊ ಗಿಡಕ್ಕೆ ಆಸರೆ ಕೋಲಾಗಿ ನಿಂತಿದೆ. ವರ್ಷದಿಂದ ಬಿಸಿಲು ಮಳೆ ತಿಂದು ಮಾಸಲು ಕಂದಾಗಿದೆ. ಗಿಡದಲ್ಲಿ ಕಾಯಿ ಇರುವುದರಿಂದ ಅಮ್ಮ ಈಗಲೇ ಕೊಡಲ್ಲ ಅಂತಿದ್ದಾರೆ.

ಮಂಡಿಮೊಹಲ್ಲಾ_ಕುಸುರಿ · ಫೆಬ್ರವರಿ 16, ರಾತ್ರಿ 10:14

ಅಮ್ಮನಿಗೆ ಬಿದಿರು ಕೋಲು ತಂದುಕೊಡಿ ಸಾರ್! ಬೀಟೆ ಬಿಸಿಲಿಗೆ ಮಾಸುವುದು ಮೇಲ್ಮೈ ಮಾತ್ರ. ನೆರಳಲ್ಲಿ ಎರಡು ವಾರ ಒಣಗಿಸಿ, ಸ್ಕ್ರೇಪರ್ (ಮರ ಕೆರೆಯುವ ಸ್ಟೀಲ್ ತಗಡು) ಎಳೆಯಿರಿ. ಒಳಗಿಂದ ನೇರಳೆ ಹಾಗೇ ಬರುತ್ತದೆ.

ಬಿಳಿ ಗೆರೆಗೆ ನನ್ನ ಕಡೆಯಿಂದ ಒಂದು ಮಾತು. ಚನ್ನಪಟ್ಟಣದ ಗೊಂಬೆ ಮಾಡುವ ಹಾಲೆ ಮರ ಇದೆಯಲ್ಲ, ದಂತದ ಹಾಗೆ ಬಿಳಿ, ಎಳೆಯೇ ಕಾಣದಷ್ಟು ನಯ. ಉದ್ದ ಪಟ್ಟಿ ಸಿಗುವುದು ಕಷ್ಟ, ಗೊಂಬೆಗೆ ಬರುವುದು ಸಣ್ಣ ತುಂಡು. ಆದರೆ 0.6 ಮಿ.ಮೀ. ಗೆರೆಗೆ ಎರಡು ಮೂರು ತುಂಡನ್ನು ಓರೆಯಾಗಿ ಕೊಯ್ದು ಜೋಡಿಸಿದರೆ ಜೋಡಣೆ ಕಾಣುವುದೇ ಇಲ್ಲ. ಬಿಳಿ ಮರ ನೋಡಿ ತಗೊಳ್ಳಿ. ಹಸಿಯಾಗಿದ್ದಾಗ ಸರಿಯಾಗಿ ಒಣಗಿಸದಿದ್ದರೆ ಬೂದು ಕಲೆ ಹಿಡಿದಿರುತ್ತದೆ.

ಕಾಫಿತೋಟದಾಕೆ · ಫೆಬ್ರವರಿ 17, ಬೆಳಿಗ್ಗೆ 7:05

ಇದು ಬರೀ ಗಿಟಾರ್ ಅಲ್ಲ, ಅಮ್ಮನ ತೋಟವೂ ಸೇರಿದ ಗಿಟಾರ್. ಮುಂದೇನಾಯ್ತು ಅಂತ ಖಂಡಿತ ಬರೆಯಿರಿ.

ಹೊಸಬ_ರಾಜಾಜಿನಗರ · ಮಾರ್ಚ್ 8, ಬೆಳಿಗ್ಗೆ 11:20

ನಾಲ್ಕೂ ಪಟ್ಟಿ ಬಗ್ಗಿದವು! ಒಂದೂ ಮುರಿದಿಲ್ಲ. ಟೊಮೇಟೊ ಕೋಲು ಎಲ್ಲಕ್ಕಿಂತ ಸಲೀಸಾಗಿ ಬಗ್ಗಿತು. ಹಾಲೆ ಮರದ ತುಂಡು ಚನ್ನಪಟ್ಟಣಕ್ಕೆ ಹೋಗಿಯೇ ತಂದೆ. ಈಗ ರೂಟರ್ ಹಿಡಿಯಬೇಕು, ಕೈ ನಡುಗುತ್ತಿದೆ. ಬ್ಯಾಕ್ ಗುಮ್ಮಟದ ಹಾಗೆ ಉಬ್ಬಿದೆಯಲ್ಲ, ರೂಟರ್ ಅದರ ಮೇಲೆ ಕೂತರೆ ಓರೆ ಆಗುವುದಿಲ್ಲವಾ?

ಆರನೇ_ತಂತಿ · ಮಾರ್ಚ್ 8, ಮಧ್ಯಾಹ್ನ 12:45

ಆಗುತ್ತದೆ. ರೂಟರ್ ಸೈಡ್‌ಗೆ ಸಮಾನಾಂತರ ನಿಲ್ಲಬೇಕು, ಉಬ್ಬಿಗೆ ಅಲ್ಲ. ರೂಟರ್ ಅಡಿಗೆ ಅಗಲ ಕಿರಿದಾದ ಒಂದು ಸಣ್ಣ ತುಂಡನ್ನು ಅಂಟಿಸಿ, ಅದೊಂದೇ ಅಂಚಿನ ಪಕ್ಕದಲ್ಲಿ ತಾಗುವ ಹಾಗೆ ಮಾಡಿ. ಪೆಟ್ಟಿಗೆಯನ್ನು ಸೈಡ್ ನೆಟ್ಟಗೆ ನಿಲ್ಲುವ ಹಾಗೆ ತೊಟ್ಟಿಲಲ್ಲಿ ಕೂರಿಸಿ.

ದಿಕ್ಕು ತುಂಬ ಮುಖ್ಯ. ಯಾವಾಗಲೂ ಇಳಿಜಾರಿನ ಕಡೆ ಕೊಯ್ಯಬೇಕು. ಹೊಟ್ಟೆಯ ಅಗಲ ಜಾಗದಿಂದ ಸೊಂಟಕ್ಕೆ, ಮತ್ತೆ ಅದೇ ಅಗಲ ಜಾಗದಿಂದ ಬಾಲದ ಕಡೆಗೆ. ಭುಜದಿಂದಲೂ ಹಾಗೇ, ಸೊಂಟಕ್ಕೊಮ್ಮೆ, ಕುತ್ತಿಗೆಗೊಮ್ಮೆ. ಒಂದೇ ಸುತ್ತಿನಲ್ಲಿ ಗಿರ್ ಅಂತ ಓಡಿಸಿದರೆ ಸ್ಪ್ರೂಸ್ ಎದ್ದು ಬರುತ್ತದೆ, ಬೆರಳುದ್ದದ ಸೀಳು. ಇಳಿಜಾರಲ್ಲಿ ಕೊಯ್ಯುವಾಗ ಅರ್ಧ ಜಾಗದಲ್ಲಿ ರೂಟರ್ ಕೈಯಿಂದ ಓಡಿಹೋಗಲು ನೋಡುತ್ತದೆ. ಅದಕ್ಕೇ ಒಂದೇ ಸಲ ಪೂರ್ತಿ ಆಳ ಬೇಡ, ತೆಳ್ಳಗೆ ತೆಳ್ಳಗೆ ಮೂರು ನಾಲ್ಕು ಸಲ. ಮೊದಲು ಯಾವುದಾದರೂ ರದ್ದಿ ಹಲಗೆಯಲ್ಲಿ ಕೊಯ್ದು ಪಟ್ಟಿ ಕೂರಿಸಿ ನೋಡಿ. ಬೈಂಡಿಂಗ್ 0.3 ಮಿ.ಮೀ. ಹೊರಗೆ ಉಳಿಯಬೇಕು, ಒಳಗೆ ಹೋಗಬಾರದು. ಹೊರಗಿದ್ದರೆ ಕೆರೆಯಬಹುದು. ಒಳಗೆ ಹೋದರೆ ಇಡೀ ಸೈಡನ್ನು ಕೆರೆಯಬೇಕು.

ಅಂಟು ಸಾದಾ ಮರದ ಅಂಟೇ ಸಾಕು. ಬೈಂಡಿಂಗ್ ಮೇಲೆ ತಂತಿಯ ಎಳೆತ ಬೀಳುವುದಿಲ್ಲ. ಹಿಡಿದಿಡಲು ಟೇಪ್ ಮೇಲೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ. ಸೊಂಟದಲ್ಲಿ ಮಾತ್ರ ಟ್ಯೂಬ್ ಒಳಗೆ ಒತ್ತುವುದಿಲ್ಲ, ಅಲ್ಲಿ ಸಣ್ಣ ಮರದ ಬಿರಡೆ ಇಟ್ಟು ಅದರ ಮೇಲೆ ಬಿಗಿಯಿರಿ.

ಪೋರ್ಟ್‌ಲ್ಯಾಂಡ್_ಪುಟ್ಟಣ್ಣ · ಮಾರ್ಚ್ 8, ರಾತ್ರಿ 8:30

ಒಂದು ಸೇರಿಸುತ್ತೇನೆ. ಬೀಟೆಯೂ ಬಣ್ಣ ಬಿಡುತ್ತದೆ, ಪಡೌಕ್‌ನಷ್ಟಲ್ಲ. ಕೆರೆಯುವ ಮೊದಲೇ ಸ್ಪ್ರೂಸ್‌ಗೂ ಬಿಳಿ ಗೆರೆಗೂ ಸಣ್ಣ ಬ್ರಷ್‌ನಲ್ಲಿ ಶೆಲ್ಯಾಕ್ ಒಂದು ಕೈ ಕೊಡಿ. ಆಮೇಲೆ ಬೀಟೆ ಪುಡಿ ರಂಧ್ರಕ್ಕೆ ಹೋಗುವುದಿಲ್ಲ. ಬಟ್ಟೆಯಲ್ಲಿ ಒರೆಸುವಾಗ ಅಂಚಿನ ಉದ್ದಕ್ಕೆ ಒರೆಸಿ, ಅಂಚಿನಿಂದ ಟಾಪಿನ ಕಡೆಗೆ ಎಳೆಯಲೇಬೇಡಿ. ಮತ್ತೆ ಮರಳು ಕಾಗದಕ್ಕಿಂತ ಸ್ಕ್ರೇಪರ್ ಮೇಲು. ಅದು ಪುಡಿ ಮಾಡುವುದಿಲ್ಲ, ಸಿಪ್ಪೆ ತೆಗೆಯುತ್ತದೆ.

ಹೊಸಬ_ರಾಜಾಜಿನಗರ · ಮಾರ್ಚ್ 30, ರಾತ್ರಿ 9:50

ಮುಗಿಯಿತು. ಫೋಟೋ ಹಾಕಿದ್ದೇನೆ. ಬೀಟೆ ಅಂಚು, ಹಾಲೆ ಮರದ ಬಿಳಿ ಗೆರೆ. ಟೊಮೇಟೊ ಕೋಲು ಯಾವ ಕಡೆ ಅಂತ ಹುಡುಕಿ ನೋಡೋಣ.

ಎಲ್ಲವೂ ಚೆನ್ನಾಗಿ ಬಂದಿಲ್ಲ. ಟಾಪಿನ ಸೊಂಟದಲ್ಲಿ, ಎಡಗಡೆ, ಎರಡು ಇಂಚಿನಷ್ಟು ಕೂದಲೆಳೆಯ ಸಂದು ಉಳಿಯಿತು. ಬಿರಡೆ ಇಟ್ಟಿದ್ದೆ, ಸಾಕಷ್ಟು ಬಿಗಿದಿರಲಿಲ್ಲ. ಬೀಟೆ ಪುಡಿಗೆ ಅಂಟು ಕಲಸಿ ತುಂಬಿದೆ. ನನಗೆ ಕಾಣುತ್ತದೆ, ಬೇರೆಯವರಿಗೆ ಕಾಣಲ್ಲ. ಮನೆಯವಳಿಗೆ ಮಾತ್ರ ಮೊದಲ ಸಲಕ್ಕೇ ಕಂಡಿತು.

ಎಂಡ್ ಗ್ರಾಫ್ಟ್ ಬೀಟೆಯದೇ, ಎರಡೂ ಬದಿಗೆ ಅದೇ ಬಿಳಿ ಗೆರೆ. ಗೆರೆಗಳು ಮೂಲೆಯಲ್ಲಿ ಒಂದಕ್ಕೊಂದು ಸೇರುವ ಹಾಗೆ ಓರೆಯಾಗಿ ಕೊಯ್ಯಲು ಇಡೀ ಭಾನುವಾರ ಬೇಕಾಯಿತು. ಹೀಲ್ ಕ್ಯಾಪ್‌ಗೆ ಮಾತ್ರ ಮುರಿದ ಮೇಪಲ್‌ನ ಕಪ್ಪಾಗದ ತುಂಡುಗಳನ್ನು ಪಕ್ಕ ಪಕ್ಕ ಜೋಡಿಸಿ ಹಾಕಿದೆ. ಮನೆಯವಳ ಮಾತೂ ಉಳಿಯಿತು.

ಮಂಡಿಮೊಹಲ್ಲಾ_ಕುಸುರಿ · ಮಾರ್ಚ್ 30, ರಾತ್ರಿ 10:05

ಫೋಟೋ ದೊಡ್ಡದು ಮಾಡಿ ನೋಡಿದೆ. ಮೂಲೆ ಚೆನ್ನಾಗಿ ಸೇರಿದೆ ಸಾರ್. ನಮ್ಮ ಮನೆಯಲ್ಲಿ ಕೆಲಸ ಕಲಿಯುವವನಿಗೆ ಮೂರನೇ ವರ್ಷ ಕೊಡುವ ಕೆಲಸ ಅದು. ಕೋಲು ಬ್ಯಾಕ್‌ನ ಬಲಗಡೆ ತಾನೆ?

ಹೊಸಬ_ರಾಜಾಜಿನಗರ · ಮಾರ್ಚ್ 30, ರಾತ್ರಿ 10:11

ಅಲ್ಲ! ಎರಡೂ ಮುಂದೆಯೇ, ಟಾಪಿನ ಕಡೆ. ನೋಡುವವರಿಗೆ ಕಾಣಲಿ ಅಂತ.

ಕಾಫಿತೋಟದಾಕೆ · ಮಾರ್ಚ್ 31, ಬೆಳಿಗ್ಗೆ 6:55

ಚೆಂದ ಬಂದಿದೆ. ಉಳಿದ ಮೂರು ಮೇಪಲ್ ಪಟ್ಟಿ ಏನು ಮಾಡುತ್ತೀರಿ? ತಮ್ಮ ಒಂದು ಉಕುಲೆಲೆ ಶುರು ಮಾಡಿದ್ದಾನೆ. ಅದಕ್ಕೆ ಅಷ್ಟು ಉದ್ದ ಬೇಡ, ಒಂದರಲ್ಲಿ ಸುಮಾರು ಬರಬಹುದು.

ಹೊಸಬ_ರಾಜಾಜಿನಗರ · ಮಾರ್ಚ್ 31, ಬೆಳಿಗ್ಗೆ 8:30

ಕಳಿಸುತ್ತೇನೆ ಮೇಡಂ, ವಿಳಾಸ ಮೆಸೇಜ್ ಮಾಡಿ. ಪಡೌಕ್ ಕೂಡ ಬೇಕಾದರೆ ಹೇಳಿ. ನೆನೆಹಾಕಬೇಡಿ ಅಂತ ತಮ್ಮನಿಗೆ ಹೇಳಿ, ಮರೆಯಬೇಡಿ.